ಬಾಗಿಲ ಕಾದಳು

"ತಪ್ಪು."

ಕಲ್ಲು ಮಾತಾಡಿತು!

ಮೂವತ್ನಾಲ್ಕು ಜನ ಪ್ರವಾಸಿಗರು ಒಟ್ಟಿಗೇ ಒಂದು ಹೆಜ್ಜೆ ಹಿಂದೆ ಸರಿದರು. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಳ್ಳಲು ತೆಗೆದ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು. ಗೈಡಮ್ಮನ ಕಥೆಯ ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತು.

ಆರು ವರ್ಷದಿಂದ ಪ್ರತಿ ಭಾನುವಾರ ಅವಳು ಈ ಹಳೇ ಊರಿನ ಕೋಟೆ ಬಾಗಿಲಲ್ಲಿ ನಿಂತು ಇದೇ ಕಥೆ ಹೇಳುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಪ್ರವಾಸದ ಬಸ್ಸು ಹೊರಟರೆ ಮೊದಲು ಈ ಕೋಟೆ, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಕೆರೆಯ ನಡುವಿನ ಅರಮನೆ, ಕತ್ತಲಾಗುವುದರೊಳಗೆ ಮನೆ. ಒಂದೇ ದಿನದಲ್ಲಿ ಮೂರು ಊರು, ಒಂಬೈನೂರು ವರ್ಷ! ಆದರೆ ಜನ ಮನೆಗೆ ಹೋದ ಮೇಲೂ ನೆನಪಿಟ್ಟುಕೊಳ್ಳುತ್ತಿದ್ದದ್ದು ಈ ಆಳೆತ್ತರದ ಕಲ್ಲನ್ನು ಮಾತ್ರ.

ಕಲ್ಲಿನ ಮೇಲೆ ನಿಂತ ಹೆಂಗಸಿನ ಚಿತ್ರ. ಕೈಗಳು ಸವೆದು ಹೋಗಿದ್ದವು, ಮುಖ ಮಾತ್ರ ಉಳಿದಿತ್ತು. ಅವಳ ಪಾದದ ಕೆಳಗೆ ಹಳೇ ಅಕ್ಷರದ ಒಂದು ಸಾಲು, ಅದರ ಕೆಳಗೆಲ್ಲ ಯಾವ ಕಾಲದಲ್ಲೋ ಯಾರೋ ಬಳಿದ ಸುಣ್ಣದ ಗಾರೆ. ಯುದ್ಧಕ್ಕೆ ಹೋದ ಪ್ರಿಯಕರನಿಗಾಗಿ ಈ ಬಾಗಿಲಲ್ಲಿ ಕಾದಳು, ಕಾದಳು, ಕಾದೂ ಕಾದೂ ಕಲ್ಲಾದಳು... ಇಷ್ಟು ಹೇಳಿ ಗೈಡಮ್ಮ ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಮೂವತ್ನಾಲ್ಕರಲ್ಲಿ ಹತ್ತು ಜನವಾದರೂ ಮೂಗು ಎಳೆಯುತ್ತಿದ್ದರು.

ಇವತ್ತು ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಕಲ್ಲಿನ ಹಿಂದಿನಿಂದ ಒಂದು ತಲೆ ಎದ್ದಿತು. ಕೂದಲ ತುಂಬ ಸುಣ್ಣ, ಕೈಯಲ್ಲಿ ದಪ್ಪ ಕೂದಲಿನ ಬ್ರಷ್ಷು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಅವನು ಪುರಾತತ್ವ ಇಲಾಖೆಯ ಲಿಪಿ ಓದುವವನೆಂದು ಹೇಳುತ್ತಿತ್ತು.

"ಅವಳು ಯಾರಿಗೂ ಕಾಯ್ತಾ ಇರ್ಲಿಲ್ಲ," ಎಂದ ಅವನು, ಪಾಠ ಒಪ್ಪಿಸುವವನ ದನಿಯಲ್ಲಿ. "ಇಲ್ಲಿರೋದು 'ಇವಳು ಬಾಗಿಲ ಕಾದಳು' ಅಂತ. ಬಾಗಿಲಲ್ಲಿ ಕಾದಳು ಅಂತಲ್ಲ, ಬಾಗಿಲನ್ನ ಕಾದಳು ಅಂತ. ಕಾವಲು. ದನ ಕಾಯ್ತಾರಲ್ಲ, ಹಾಗೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಕರವಸ್ತ್ರದ ಅಜ್ಜಿಯೂ ನಕ್ಕುಬಿಟ್ಟರು!

ಗೈಡಮ್ಮನ ಕಿವಿಯವರೆಗೂ ಬಿಸಿ ಏರಿತು. *ದನವಂತೆ ದನ...* ಆದರೂ ದನಿ ಏರಿಸಲಿಲ್ಲ. ಅವನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ನೀವು ಯಾವತ್ತಾದ್ರೂ ಯಾರಿಗಾದ್ರೂ ಕಾದಿದ್ದೀರಾ, ಸಾರ್?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ."

"ಹಾಗಾದ್ರೆ ನಿಮಗೆ ಆ ಪದ ಅರ್ಧ ಮಾತ್ರ ಗೊತ್ತು."

ಅಷ್ಟು ಹೇಳಿ ತಲೆ ಎಣಿಸಿಕೊಂಡು ಬಸ್ಸಿನ ಕಡೆ ನಡೆದಳು. ಹಿಂದೆ ಬ್ರಷ್ಷು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಲೇಬಾರದೆಂದು ಹಲ್ಲು ಕಚ್ಚಿ ಹೋದಳು, ಬಸ್ಸಿನ ಕನ್ನಡಿಯಲ್ಲಿ ಮಾತ್ರ ನೋಡಿದಳು. ಅದನ್ನು ತಿರುಗಿ ನೋಡಿದಂತೆ ಲೆಕ್ಕಕ್ಕೆ ಹಿಡಿಯಬಾರದು.

*

ಆ ಕಥೆ ಅವಳದಲ್ಲ, ಅವಳ ಅಪ್ಪನದು. ಮೂವತ್ತು ವರ್ಷ ಇದೇ ಪ್ರವಾಸದ ಗೈಡಾಗಿದ್ದವರು. ಈಗ ಮಂಡಿ ಹೋಗಿ ಮನೆಯಲ್ಲಿದ್ದಾರೆ. ಪ್ರತಿ ಭಾನುವಾರ ಸಂಜೆ ಮಗಳು ಚಪ್ಪಲಿ ಬಿಡುವ ಮುಂಚೆಯೇ ಅವರದು ಒಂದೇ ಪ್ರಶ್ನೆ, ಇವತ್ತು ಎಷ್ಟು ಜನ ಅತ್ತರು ಅಂತ. ಹನ್ನೆರಡು ಎಂದರೆ ಅಪ್ಪನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಆ ದಿನ ಅವಳು ಎಲ್ಲರೂ ಅತ್ತರೆಂದು ಸುಳ್ಳು ಹೇಳಿದಳು.

ಅವಳಿಗೆ ಹತ್ತು ವರ್ಷವಿದ್ದಾಗ ಅಮ್ಮ ತೀರಿಹೋಗಿದ್ದಳು. ಅಮ್ಮನ ನೆನಪೆಂದರೆ ಭಾನುವಾರ ಸಂಜೆಯ ಬಾಗಿಲು. ಬೀದಿಯ ತಿರುವಿನಲ್ಲಿ ಪ್ರವಾಸದ ಬಸ್ಸು ಅಪ್ಪನನ್ನು ಇಳಿಸುವವರೆಗೆ ಅಮ್ಮ ಹೊಸ್ತಿಲ ಮೇಲೆ ನಿಂತೇ ಇರುತ್ತಿದ್ದಳು. ಕಲ್ಲಿನ ಹೆಂಗಸಿಗೆ ಅವಳು ಎಂದಿನಿಂದಲೂ ಅಮ್ಮನ ಮುಖವನ್ನೇ ಕೊಟ್ಟಿದ್ದಳು. ಆ ಹೆಂಗಸು ಯಾರಿಗೂ ಕಾಯಲೇ ಇಲ್ಲವೆಂದರೆ... ಆ ಮುಖವನ್ನು ಎಲ್ಲಿಡುವುದು? ಅಪ್ಪನ ಮೂವತ್ತು ವರ್ಷವನ್ನು ಎಲ್ಲಿಡುವುದು?

*ಅವನ ಕಡೆ ನೋಡೋದೇ ಇಲ್ಲ,* ಎಂದು ವಾರವಿಡೀ ಗಟ್ಟಿ ಮಾಡಿಕೊಂಡಳು. ಆದರೆ ಆ ಪುಣ್ಯಾತ್ಮ ತಲೆಯಲ್ಲಿ ಹುಳ ಬಿಟ್ಟಿದ್ದ. ಸುಣ್ಣದ ಕೆಳಗೆ ಇನ್ನೇನಿರಬಹುದು?

*

ಮುಂದಿನ ಭಾನುವಾರ ಅವನು ಕಲ್ಲಿನ ಮುಂದೆಯೇ ನಿಂತಿದ್ದ. ತಲೆ ತೊಳೆದುಕೊಂಡು ಬಂದಿದ್ದ. ಕಥೆ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಜನ ಫೋಟೋ ತೆಗೆಯಲು ಚದುರಿದ ಮೇಲೆ ಹತ್ತಿರ ಬಂದು, ಹೋದ ವಾರ ಮಧ್ಯೆ ಬಾಯಿ ಹಾಕಿದ್ದು ತನ್ನದೇ ತಪ್ಪು, ಅರ್ಥ ಮಾತ್ರ ತಾನು ಹೇಳಿದ್ದೇ ಎಂದ. ಅದನ್ನು ಕ್ಷಮೆ ಎನ್ನಬೇಕೋ ಜಗಳದ ಎರಡನೇ ಕಂತು ಎನ್ನಬೇಕೋ ಅವಳಿಗೆ ತಿಳಿಯಲಿಲ್ಲ.

"ಒಂದು ನೋಡ್ತೀರಾ?" ಎಂದು ಕೇಳಿದ.

ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನಿಂದ ಪಟಪಟ ಬಡಿದ. ಕಾಗದ ಮೆಲ್ಲಗೆ ಅಕ್ಷರದ ಹಳ್ಳಕ್ಕೆ ಇಳಿಯಿತು. ಬಿಸಿಲಿಗೆ ಅದು ಅರ್ಧ ಆರಿದ ಮೇಲೆ ಬಟ್ಟೆಯ ಉಂಡೆಯಿಂದ ಕಪ್ಪು ಮಸಿ ತಟ್ಟುತ್ತಾ ಹೋದ. ಕಪ್ಪಿನ ನಡುವೆ ಬೆಳ್ಳಗೆ, ಒಂದೊಂದಾಗಿ, ಅಕ್ಷರಗಳು ಎದ್ದು ನಿಂತವು!

ಆರು ವರ್ಷ ಈ ಕಲ್ಲಿನ ಪಕ್ಕದಲ್ಲೇ ನಿಂತು ಮಾತಾಡಿದ್ದರೂ ಅದರ ಅಕ್ಷರವನ್ನು ಅವಳು ನೋಡಿದ್ದು ಇದೇ ಮೊದಲು. ಕೊನೆಯ ಪದದ ಮೇಲೆ ಬೆರಳಿಟ್ಟು ಕೇಳಿದಳು, "ಇದೇನಾ... ಕಾದಳು?"

"ಹೂಂ. ಅದೇ."

ಅವಳು ಬೆರಳು ತೆಗೆಯಲಿಲ್ಲ. ಅವನು ತನ್ನ ಕಣ್ಣು ತೆಗೆಯಲಿಲ್ಲ. ಡ್ರೈವರಣ್ಣ ಹಾರ್ನ್ ಹೊಡೆಯದಿದ್ದರೆ ಇಬ್ಬರೂ ಸಂಜೆಯವರೆಗೆ ಹಾಗೇ ನಿಂತಿರುತ್ತಿದ್ದರೋ ಏನೋ.

ಸುಣ್ಣ ತೆಗೆಯುವುದು ಮಹಾ ನಿಧಾನದ ಕೆಲಸ. ಅಕ್ಷರ ನೋಯದಂತೆ ಬಿದಿರಿನ ಕಡ್ಡಿಯಲ್ಲಿ ಕೆರೆದರೆ ವಾರಕ್ಕೆ ನಾಲ್ಕು ಬೆರಳಗಲ. ಹೀಗಾಗಿ ಪ್ರತಿ ಭಾನುವಾರ ಅವಳಿಗಾಗಿ ಒಂದು ಹೊಸ ಚೂರು ಇರುತ್ತಿತ್ತು. ಮೂರನೇ ವಾರ 'ಹನ್ನೆರಡು ವರುಷ' ಬಂತು. ಹನ್ನೆರಡು ವರ್ಷ ಯಾರೂ ಸುಮ್ಮನೆ ಕಾಯುವುದಿಲ್ಲ, ಅದು ನೌಕರಿಯೇ ಎಂದು ಅವನು. ಹನ್ನೆರಡು ವರ್ಷ ಯಾರೂ ನೌಕರಿಗಾಗಿ ಒಂದೇ ಕಡೆ ನಿಲ್ಲುವುದಿಲ್ಲ, ಅದು ಪ್ರೀತಿಯೇ ಎಂದು ಅವಳು. ಹದಿನೈದು ನಿಮಿಷದ ನಿಲುಗಡೆ ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಡ್ರೈವರಣ್ಣ ಅವನಿಗೆ 'ಕಲ್ಲು ಮೇಷ್ಟ್ರು' ಎಂದು ಹೆಸರಿಟ್ಟ, ಹಾರ್ನ್ ಹೊಡೆಯುವುದನ್ನೂ ಬಿಟ್ಟ.

ಅವಳು ಅವನಿಗೆ ಜನರನ್ನು ಓದಲು ಕಲಿಸಿದಳು. ಚಪ್ಪಲಿ ಕಚ್ಚಿದವರು ಯಾರು, ಗಂಡನ ಮೇಲೆ ಮುನಿಸಿಕೊಂಡು ಬಂದವರು ಯಾರು, ಒಬ್ಬರೇ ಬಂದು ಇಬ್ಬರ ಊಟ ತಂದಿರುವವರು ಯಾರು. ಕಲ್ಲಿಗಿಂತ ಇದೇ ಕಷ್ಟ ಎಂದು ಅವನು ಒಪ್ಪಿಕೊಂಡ. ಅಮ್ಮನ ಬಾಗಿಲಿನ ಸಂಗತಿಯನ್ನೂ ಒಂದು ದಿನ ಹೇಳಿದಳು. ಅವನು ಬಟ್ಟೆ ತೆಗೆದುಕೊಂಡು ಕಲ್ಲಿನ ಮುಖದ ಧೂಳು ಒರೆಸಿದ.

ಏಳನೇ ವಾರ ಸುಣ್ಣದಿಂದ ಒಂದೇ ಒಂದು ಪದ ಹೊರಬಂತು.

'ಗಂಡನ...'

ಗಂಡನ ಏನು? ಗಂಡನ ಮನೆ? ಗಂಡನ ಸಾವು? ಗಂಡನ ದಾರಿ? ಮುಂದೆಲ್ಲ ಗಾರೆ. ಆ ದಿನದ ಪ್ರವಾಸಿಗರೂ ಸುತ್ತ ನೆರೆದು ಊಹಿಸತೊಡಗಿದರು. ಡ್ರೈವರಣ್ಣ ಮಾತ್ರ ಖಚಿತವಾಗಿ ಹೇಳಿದ, "ಗಂಡನ ಕಾಟ ತಾಳಲಾರದೆ ಅಂತಿರುತ್ತೆ. ಅದಕ್ಕೇ ಮನೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದಾಳೆ!"

ನಗುವಿನ ನಡುವೆ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. *ಇವನಿಗೆ ಏನೋ ಹೇಳೋದಿದೆ...* ಆದರೆ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಫೋನ್ ನಂಬರು ಕೇಳುವುದಕ್ಕೂ ಇಬ್ಬರಿಗೂ ಬಿಗುಮಾನ. ಹೇಗೂ ಭಾನುವಾರ ಬರುತ್ತದಲ್ಲ!

*

ಭಾನುವಾರ ಬಂತು. ಆ ದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಅಪ್ಪ ಕೂತಿದ್ದರು. ಆರು ವರ್ಷದ ಮೇಲೆ ಮೊದಲ ಸಲ! ಮಗಳ ಬಾಯಲ್ಲಿ ವಾರವಾರ ಸುದ್ದಿ ಕೇಳಿ, ತಮ್ಮ ಕಲ್ಲನ್ನು ಕೆರೆಯುತ್ತಿರುವವನು ಯಾರೆಂದು ನೋಡಲೇಬೇಕೆಂದು ಹಟ ಹಿಡಿದು ಹೊರಟಿದ್ದರು.

ಕೋಟೆ ಬಾಗಿಲಲ್ಲಿ ಅವನಿರಲಿಲ್ಲ. ಹೊಸ ನೀಲಿ ಬೋರ್ಡೊಂದು ಇತ್ತು.

ಅಪ್ಪ ಕನ್ನಡಕ ಹಾಕಿಕೊಂಡು, ಊರುಗೋಲಿನ ಮೇಲೆ ಬಗ್ಗಿ, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು. "ಕಾವಲುಗಿತ್ತಿಯ ಕಲ್ಲು. ಇದರ ಬಗ್ಗೆ ಮಾರ್ಗದರ್ಶಕರು ಹೇಳುವ ಪ್ರೇಮಕಥೆಗೆ ಯಾವ ಆಧಾರವೂ ಇರುವುದಿಲ್ಲ."

ಹಿಂದಿನಿಂದ ಯಾರೋ ಮೃದುವಾಗಿ, ಹಾಗಾದರೆ ಕಥೆ ಏನು ಎಂದು ಕೇಳಿದರು. ಗೈಡಮ್ಮ ಬೋರ್ಡಿನ ಸಾಲನ್ನೇ ಮತ್ತೊಮ್ಮೆ ಓದಿದಳು.

*ಏಳು ವಾರ... ನಗ್ತಾ ನಗ್ತಾ ನನ್ನಿಂದ ಎಲ್ಲಾ ಕೇಳಿಸ್ಕೊಂಡು... ಅಮ್ಮನ ವಿಷಯ ಕೂಡ... ಬೆನ್ನ ಹಿಂದೆ ಇದನ್ನ ಬರೆಸಿದನಾ?*

ಅಳು ಬಂತು. ಅಪ್ಪನ ಮುಂದೆ ಅಳಬಾರದೆಂದು ತಲೆ ಎಣಿಸಲು ಶುರು ಮಾಡಿದಳು. ಮೂರು ಸಲ ಎಣಿಸಿದರೂ ಲೆಕ್ಕ ಕೂಡಲಿಲ್ಲ.

ಸಂಜೆ ಮನೆಯಲ್ಲಿ ಅಪ್ಪನೇ ಟೀ ಮಾಡಿ ಅವಳ ಮುಂದಿಟ್ಟರು.

"ಪುಟ್ಟಿ, ಒಂದು ಹೇಳ್ತೀನಿ ಕೇಳು. ನನ್ನ ಕಾಲದ ಬಸ್ಸು ಆ ಏರು ಹತ್ತೋ ಹೊತ್ತಿಗೆ ಇಂಜಿನ್ ಕಾದಿರ್ತಿತ್ತು. ಅದು ಆರೋ ತನಕ ನಾವು ಕಾಯ್ಬೇಕಿತ್ತು. ಹದಿನೈದು ನಿಮಿಷ ಜನರನ್ನ ಹಿಡಿದಿಡೋಕೆ ನಂಗೊಂದು ಕಥೆ ಬೇಕಿತ್ತು. ಯಾರೋ ಓದು ಬಲ್ಲವರು ಹೋಗ್ತಾ ಆ ಕೊನೇ ಪದ 'ಕಾದಳು' ಅಂದ್ರು. ಉಳಿದದ್ದು ನಾನು ಹೊಲಿದೆ."

ಅವಳು ಬೆಪ್ಪಾಗಿ ನೋಡಿದಳು. "ಸುಳ್ಳು ಅಂತ ನಿಮಗೆ ಗೊತ್ತಿತ್ತಾ?"

"ನಂಗೆ ಮೊದಲಿಂದ ಗೊತ್ತು. ನಿಂಗೆ ಗೊತ್ತಿರ್ಲಿಲ್ಲ ಅನ್ನೋದು ಇವತ್ತು ಗೊತ್ತಾಯ್ತು." ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಕಾಯೋದು ಮಾತ್ರ ಸುಳ್ಳಲ್ಲ. ಅದು ನಿಮ್ಮಮ್ಮಂದು. ಅದನ್ನ ಯಾವ ಬೋರ್ಡೂ ಅಳಿಸೋಕಾಗಲ್ಲ. ಸರಿ, ನಿನ್ನ ಸಿಟ್ಟು ಬೋರ್ಡಿನ ಮೇಲೋ, ಅವನ ಮೇಲೋ?"

ಬೋರ್ಡಿನ ಮೇಲಾಗಿದ್ದರೆ ಅದರ ಮೇಲೊಂದು ಟವಲು ಹಾಕಿ ಕಥೆ ಹೇಳಿ ಬರುತ್ತಿದ್ದಳು. ಇಷ್ಟು ನೋಯುತ್ತಿರಲಿಲ್ಲ. ಅವನ ಮೇಲೆ ಪ್ರೀತಿ ಹುಟ್ಟಿದೆ ಎಂಬುದು ಅವಳಿಗೆ ತಿಳಿದದ್ದು ಹೀಗೆ, ಆರಿದ ಟೀ ಲೋಟದ ಮುಂದೆ.

ಅಪ್ಪ ಉತ್ತರಕ್ಕೆ ಒತ್ತಾಯ ಮಾಡಲಿಲ್ಲ. ಏಳುವಾಗ ಮಾತ್ರ ಗೊಣಗಿಕೊಂಡರು, "ಗಂಡನ... ಆಮೇಲೆ ಏನಂತೆ? ಅದನ್ನ ತಿಳ್ಕೊಳ್ದೆ ನಂಗೆ ಪ್ರಾಣ ಹೋಗಲ್ಲ."

*

ಎರಡು ಭಾನುವಾರ ಅವಳು ಬಸ್ಸನ್ನು ಕೋಟೆ ಬಾಗಿಲಿಗೆ ಒಯ್ಯಲಿಲ್ಲ. ದುರಸ್ತಿ ನಡೆದಿದೆ ಎಂದು ನೆಪ ಹೇಳಿ ನೇರ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ದುರಸ್ತಿ ಎಲ್ಲಿ ನಡೆಯಬೇಕಿತ್ತೆಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮೂರನೇ ಭಾನುವಾರ ಬಸ್ಸು ಹೊರಟ ಮೇಲೆ ಎಂದಿನಂತೆ ಸೀಟಿನ ಬೆನ್ನು ತಟ್ಟುತ್ತಾ ತಲೆ ಎಣಿಸಿಕೊಂಡು ಹೋದಳು. ಮೂವತ್ತೆರಡು, ಮೂವತ್ಮೂರು, ಮೂವತ್ನಾಲ್ಕು...

ಕೈ ಗಾಳಿಯಲ್ಲೇ ನಿಂತಿತು. ಕೊನೆಯ ಸೀಟಿನಲ್ಲಿ ಅವನು! ಮಡಿಲಲ್ಲಿ ಮೊಳದುದ್ದದ ಕಾಗದದ ಸುರುಳಿ, ಕಿವಿಯ ಹಿಂದೆ ತೊಳೆಯಲು ಮರೆತ ಸುಣ್ಣ.

"ಈ ಬಸ್ಸು ಕೋಟೆಗೆ ಹೋಗಲ್ಲ," ಎಂದಳು ಅವಳು. ದನಿ ಅವಳ ಮಾತು ಕೇಳುತ್ತಿರಲಿಲ್ಲ.

"ಗೊತ್ತು. ಹೋದ ಭಾನುವಾರ ದಾರಿ ನೋಡ್ದೆ, ಬರ್ಲಿಲ್ಲ. ಅದಕ್ಕೂ ಮುಂಚೆ ಎರಡು ವಾರ ಕಚೇರೀಲಿ ಇದ್ದೆ. ವಾಪಸ್ ಬಂದಾಗ್ಲೇ ಬೋರ್ಡು ನೋಡಿದ್ದು." ಅವನು ಎದ್ದು ನಿಂತ. ಬಸ್ಸು ಕುಲುಕಿದಾಗ ತಲೆ ಮೇಲಿನ ಕಂಬಿ ಹಿಡಿದುಕೊಂಡ. "ಅದನ್ನ ಬರೆದದ್ದು ನಾನೇ."

ಅವಳು ನಿರೀಕ್ಷಿಸಿದ್ದು ನೆಪ. ಸಿಕ್ಕಿದ್ದು ಇದು.

"ಮೊದಲನೇ ದಿನ, ನೀವು ನಂಗೆ ಅರ್ಧ ಪದ ಮಾತ್ರ ಗೊತ್ತು ಅಂದ್ರಲ್ಲ, ಆ ಸಂಜೇನೇ ಸಿಟ್ಟಲ್ಲಿ ವರದಿ ಬರೆದು ಕಳಿಸ್ದೆ. ಆಮೇಲೆ ಭಾನುವಾರಗಳು ಬಂದ್ವು... ವರದಿ ಮರೆತೇಹೋಯ್ತು. ಕಚೇರಿ ಮರೀಲಿಲ್ಲ. ವಾಪಸ್ ತಗೋಬೇಕಿತ್ತು, ತಗೊಳ್ಲಿಲ್ಲ. ತಪ್ಪು ನಂದು."

ಮೂವತ್ನಾಲ್ಕು ತಲೆಗಳು ಹಿಂದಕ್ಕೆ ತಿರುಗಿದ್ದವು. ಅವಳು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಬಸ್ಸು ಎಡಕ್ಕೆ, ಕೋಟೆಯ ಏರು ರಸ್ತೆಗೆ ಹೊರಳಿತು.

"ಅಣ್ಣಾ, ಎಲ್ಲಿಗೆ?"

ಡ್ರೈವರಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿದ. ಮುಖದಲ್ಲಿ ಒಂದು ಚೂರೂ ನಗುವಿಲ್ಲ. "ಇಂಜಿನ್ ಕಾದಿದೆ ಗೈಡಮ್ಮಾ. ಹದಿನೈದು ನಿಮಿಷ ನಿಲ್ಲಿಸ್ಲೇಬೇಕು."

ಬಸ್ಸು ಕೊಂಡು ಇನ್ನೂ ವರ್ಷವಾಗಿರಲಿಲ್ಲ.

*

ಕೋಟೆ ಬಾಗಿಲಲ್ಲಿ ಅವನು ಸುರುಳಿ ಬಿಚ್ಚಿ, ಎರಡು ತುದಿಗಳನ್ನು ಇಬ್ಬರು ಪ್ರವಾಸಿಗರ ಕೈಗೆ ಕೊಟ್ಟ. ಎರಡು ವಾರ ಹಗಲಿರುಳು ಕೆರೆದು ಸುಣ್ಣವೆಲ್ಲ ತೆಗೆದ ಕಲ್ಲಿನ ಪೂರ್ತಿ ಅಚ್ಚು. ಗೈಡಮ್ಮ ಮೊದಲು ಮಾಡಿದ ಕೆಲಸವೆಂದರೆ ಅಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದದ್ದು.

ಅವನು ಬೆರಳಿಟ್ಟು ಓದಿದ. "ಇವಳು ಬಾಗಿಲ ಕಾದಳು. ಹನ್ನೆರಡು ವರುಷ. ಗಂಡನ ಈಟಿ ಹಿಡಿದು."

"ಈಟಿ!" ಎಂದಿತು ಫೋನು.

"ಹೌದು. ಗಂಡ ಈ ಬಾಗಿಲಿನ ಕಾವಲುಗಾರ ಇರ್ಬೇಕು. ಅವನು ಯುದ್ಧಕ್ಕೆ ಹೋದಾಗ ಅವನ ಜಾಗದಲ್ಲಿ ಇವಳು ನಿಂತಿದ್ದಾಳೆ. ಮುಂದಿನ ಸಾಲು..." ಅವನ ಬೆರಳು ಅಲ್ಲಿಯೇ ನಿಂತಿತು. ಆ ಸಾಲನ್ನು ಜನರಿಗಲ್ಲ, ಅವಳಿಗೆ ಓದಿದ. "ಅವನು ಬಂದನು. ಬಂದು ಈ ಕಲ್ಲ ನಿಲಿಸಿದನು."

ಫೋನಿನಲ್ಲಿ ಊರುಗೋಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಬಂದನಂತಾ?" ಎಂದರು ಅಪ್ಪ. ಅವರ ದನಿ ಒಡೆದಿತ್ತು. "ಮೂವತ್ತು ವರ್ಷ ನಾನು ಅವನನ್ನ ಬರಗೊಡ್ಲೇ ಇಲ್ಲವಲ್ಲೋ..."

ಅಷ್ಟು ಹೊತ್ತಿಗೆ ಗೈಡಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ. ಕಲ್ಲಿಗೆ ಬೆನ್ನು ಕೊಟ್ಟು ನಿಂತು ಕಥೆ ಶುರು ಮಾಡಿದಳು, ಆರು ವರ್ಷದಲ್ಲಿ ಮೊದಲ ಬಾರಿಗೆ ಮುಂದೇನು ಹೇಳುತ್ತೇನೆಂದು ತನಗೇ ಗೊತ್ತಿಲ್ಲದೆ. ಹೊಸ್ತಿಲ ಮೇಲೆ ನಿಂತಿದ್ದ ಅಮ್ಮ ಬರೀ ದಾರಿ ನೋಡುತ್ತಿರಲಿಲ್ಲ ಎಂಬುದು ಹೇಳುತ್ತಾ ಹೇಳುತ್ತಾ ನೆನಪಾಯಿತು. ಒಂದು ಕೈಯಲ್ಲಿ ಬಾಗಿಲ ಚಿಲಕ, ಇನ್ನೊಂದರಲ್ಲಿ ತನ್ನ ಪುಟ್ಟ ಕೈ. ಒಳಗೆ ಹಾಸಿಗೆ ಹಿಡಿದ ಅಜ್ಜಿ, ಅಪ್ಪನ ತಾಯಿ. ದಾರಿ ಕಾಯುತ್ತಲೇ ಮನೆ ಕಾದವಳು ಅವಳು. ಪದ ಒಂದೇ ಇದ್ದದ್ದು ಸುಮ್ಮನೆ ಅಲ್ಲ.

ಆ ದಿನ ಎಷ್ಟು ಜನ ಅತ್ತರೆಂದು ಅವಳು ಎಣಿಸಲಿಲ್ಲ.

ಜನ ಫೋಟೋಗೆ ಚದುರಿದಾಗ ಅವನು ಕಾಗದ ಸುತ್ತುತ್ತಾ ಹತ್ತಿರ ಬಂದ.

"ಬೇರೆ ಊರಿಗೆ ಹಾಕಿದ್ದಾರೆ. ಆರು ತಿಂಗಳು. ಅಲ್ಲೂ ಕಲ್ಲುಗಳಿವೆ." ಸುರುಳಿಗೆ ದಾರ ಕಟ್ಟಲು ಹೋಗಿ ಎರಡು ಸಲ ತಪ್ಪಿದ. "ಈ ಎರಡು ವಾರ ಭಾನುವಾರ ಯಾವಾಗ ಬರುತ್ತೋ ಅಂತ ಕೂತಿದ್ದೆ. ಆ ಪದದ ಇನ್ನರ್ಧ ಈಗ ನಂಗೂ ಗೊತ್ತು. ನೀವಂದ್ರೆ ನಂಗೆ ಇಷ್ಟ. ಕೇಳೋಕೆ ಹಕ್ಕಿದೆಯೋ ಇಲ್ವೋ... ಕಾಯ್ತೀರಾ?"

ಅವಳು ದಾರವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಗಂಟು ಹಾಕಿದಳು.

"ಯಾವ ಅರ್ಥದಲ್ಲಿ ಕೇಳ್ತಿದ್ದೀರಿ?"

"ನೀವು ಹೇಳೋ ಅರ್ಥದಲ್ಲಿ."

"ಕೂತು ಕಾಯೋಳಲ್ಲ ನಾನು," ಎಂದಳು ಅವಳು. "ನಿಂತು ಕಾಯ್ತೀನಿ. ಈ ಬಾಗಿಲಲ್ಲೇ, ಪ್ರತಿ ಭಾನುವಾರ."

ಅವನ ಮುಖವೆಲ್ಲ ನಗುವಾಯಿತು. "ಬಂದ ಮೇಲೆ ನಾನೂ ಒಂದು ಕಲ್ಲು ನಿಲ್ಲಿಸ್ಬೇಕಾ?"

ಅವಳು ಕೈ ಚಾಚಿ ಅವನ ಕಿವಿಯ ಹಿಂದಿದ್ದ ಸುಣ್ಣವನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು.

"ಕಲ್ಲು ಆಮೇಲೆ ನೋಡೋಣ. ಮೊದಲು ಆ ಬೋರ್ಡು ತೆಗೆಸಿ."